ಮರಳಿ ಕರಗದ ರಾಳ

ಒಮ್ಮೆ ಗಟ್ಟಿಯಾದದ್ದು ಮತ್ತೆ ಕರಗಬೇಕೆ, ಬೇಡವೆ? ಅಡಿಗೆಮನೆಯ ಮಟ್ಟಿಗೆ ಉತ್ತರ ಸುಲಭ: ಬೆಲ್ಲ ಕರಗಬೇಕು, ಇಡ್ಲಿ ಕರಗಬಾರದು. ಆದರೆ ಮನುಷ್ಯನ ಮಾತು, ನಿಶ್ಚಯ, ನೇಮಗಳ ವಿಷಯದಲ್ಲಿ ಇದೇ ಪ್ರಶ್ನೆಯನ್ನು ಹಾಕಿಕೊಂಡರೆ ಉತ್ತರ ಅಷ್ಟು ಬೇಗ ಬಾಯಿಗೆ ಬರುವುದಿಲ್ಲ. ನಾನು ಇಪ್ಪತ್ತೆರಡು ವರ್ಷಗಳಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿರುವವನು. ಹರಿಶ್ಚಂದ್ರ, ಭೀಷ್ಮ, ಪುಣ್ಯಕೋಟಿ ಇವರೆಲ್ಲ ನನ್ನ ನಿತ್ಯದ ಸರಕು. ಮಾತಿಗೆ ತಪ್ಪದವರ ಹೆಸರು ಹೇಳಿಯೇ ನಾನು ಸಂಬಳ ಎಣಿಸುತ್ತಿರುವುದು. ಆದರೂ ಈ ಪ್ರಶ್ನೆ ನನ್ನನ್ನು ತಡೆದು ನಿಲ್ಲಿಸಿದ್ದು ಯಾವ ಕಾವ್ಯದಿಂದಲೂ ಅಲ್ಲ. ಅಂಗೈಯಗಲದ ಒಂದು ಗಾಜಿನ ಬಟ್ಟೆಯ ತುಂಡಿನಿಂದ.

ನಾಲ್ಕು ವರ್ಷದ ಹಿಂದೆ ಹಳೆಯ ಶಿಷ್ಯನೊಬ್ಬ ಬಳ್ಳಾರಿಯ ನಮ್ಮ ಮನೆಗೆ ಬಂದಿದ್ದ. ಪದವಿಪೂರ್ವ ತರಗತಿಯಲ್ಲಿ ನನ್ನ ಬಳಿ ಕನ್ನಡ ಓದಿದವನು. ಈಗ ಬೆಂಗಳೂರಿನ ಹೊರವಲಯದಲ್ಲಿ ಮುದ್ರಿತ ಮಂಡಲ ಫಲಕಗಳನ್ನು ಮಾಡುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಫಲಕದ ಹೆಸರು ಕೇಳಿ ವಾಚಕರು ಗಾಬರಿಯಾಗಬೇಕಾಗಿಲ್ಲ. ರೇಡಿಯೋ, ಟೆಲಿವಿಷನ್, ಮೊಬೈಲು, ಯಾವುದರ ಹೊಟ್ಟೆಯನ್ನು ಬಿಚ್ಚಿದರೂ ಒಳಗೆ ಕಾಣುವ ಹಸಿರು ಹಲಗೆಯೇ ಅದು. ಆ ಹಸಿರೂ ಮೇಲಿನ ಲೇಪ ಮಾತ್ರ. ಒಳಗಿನ ಮೈ ತೆಳು ಹಳದಿ, ಬೆಳಕಿಗೆ ಹಿಡಿದರೆ ಎಣ್ಣೆ ಸವರಿದ ಕಾಗದದಂತೆ ಅರೆಬರೆ ಪಾರದರ್ಶಕ. ಅದರ ಮೇಲೆ ತಾಮ್ರದ ಗೆರೆಗಳು ಊರಿನ ಓಣಿಗಳಂತೆ ಹರಿದಿರುತ್ತವೆ.

ಅವನು ಚೀಲದಿಂದ ಒಂದು ತುಂಡನ್ನು ತೆಗೆದು ನನ್ನ ಕೈಗೆ ಕೊಟ್ಟ. ಹೆಚ್ಚು ಗಂಜಿ ಹಾಕಿ ಒಣಗಿಸಿದ ಪಂಚೆಯ ಹಾಗೆ ಬಿರುಸಾಗಿತ್ತು. ಬಾಗಿಸಿದರೆ ಬಾಗಿತು, ಆದರೆ ಅಂಚಿನಿಂದ ಸಣ್ಣ ಪುಡಿ ಉದುರಿತು.

“ಇದು ಇನ್ನೂ ಪೂರ್ತಿ ಆಗಿಲ್ಲ ಸಾರ್. ಬೇಕೆಂದೇ ಅರ್ಧಕ್ಕೆ ನಿಲ್ಲಿಸಿದ್ದಾರೆ” ಎಂದ.

ಈ ಅರ್ಧದ ಮಾತು ನನಗೆ ಹಿಡಿಸಿತು. ಮುಂದಿನ ತಿಂಗಳು ಬೆಂಗಳೂರಿಗೆ ಹೋದಾಗ ಅವನ ಕಾರ್ಖಾನೆಯನ್ನು ನೋಡಿ ಬಂದೆ. ಬಟ್ಟೆಗೆ ರಾಳ ಹಿಡಿಸುವ ಕೆಲಸ ಅಲ್ಲಿ ನಡೆಯುವುದಿಲ್ಲ. ಅದನ್ನು ಅವನು ತರಬೇತಿಗೆಂದು ಹೋದಾಗ ತೈವಾನಿನಲ್ಲಿ ಕಂಡಿದ್ದ. ನಾನು ರಸಾಯನಶಾಸ್ತ್ರವನ್ನು ಹತ್ತನೆಯ ತರಗತಿಗೇ ಬಿಟ್ಟವನು. ಅವನು ವಿವರಿಸಿದ್ದರಲ್ಲಿ ನನಗೆ ದಕ್ಕಿದಷ್ಟನ್ನು ಇಲ್ಲಿ ಹೇಳುತ್ತೇನೆ.

ಕಥೆ ಅರಗಿನಿಂದ ಆರಂಭವಾಗುತ್ತದೆ. ಪಾಂಡವರನ್ನು ಸುಡಲು ಕಟ್ಟಿಸಿದ ಮನೆಯ ಅರಗೇ ಅದು. ಚನ್ನಪಟ್ಟಣದ ಗೊಂಬೆಗೆ ಬಣ್ಣ ಕೂರಿಸುವ ಅರಗೂ ಅದೇ. ಗೊಂಬೆ ಮಾಡುವವನು ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾನೆ. ಉಜ್ಜಾಟದ ಕಾವಿಗೆ ಅದು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಅರಗಿನ ಗುಣ ಅದು: ಕಾಯಿಸಿದರೆ ಕರಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ, ಮತ್ತೆ ಕಾಯಿಸಿದರೆ ಮತ್ತೆ ಕರಗುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿದ್ಯುತ್ತಿನ ಸಲಕರಣೆಗಳಿಗೆ ನಿರೋಧಕವಾಗಿ ಅರಗಿನ ಬೇಡಿಕೆ ಏರಿತು. ಬಹುಪಾಲು ಅರಗು ಹೋಗುತ್ತಿದ್ದುದು ಭಾರತದಿಂದಲೇ. ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ಲಿಯೋ ಬೇಕ್‌ಲ್ಯಾಂಡ್ ಎಂಬ ರಸಾಯನಜ್ಞ ಅರಗಿಗೆ ಬದಲು ಹುಡುಕುತ್ತ ಹೊರಟ. 1907ರಲ್ಲಿ ಅವನ ಕೈಗೆ ಸಿಕ್ಕಿದ್ದು ಅರಗಿಗಿಂತ ತೀರ ಬೇರೆ ಸ್ವಭಾವದ ವಸ್ತು. 1909ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದ. ನಮ್ಮ ಹಳೆಯ ಮನೆಗಳ ಕಪ್ಪು ಸ್ವಿಚ್ಚುಗಳಲ್ಲಿ ನಾವೆಲ್ಲ ಮುಟ್ಟಿರುವ ಬೇಕಲೈಟ್ ಅದು. ಅದು ಕಾವಿಗೆ ಕರಗುವುದಿಲ್ಲ. ಕಾವಿನಿಂದಲೇ ಗಟ್ಟಿಯಾಗುತ್ತದೆ, ಒಮ್ಮೆ ಗಟ್ಟಿಯಾದ ಮೇಲೆ ಮತ್ತೆಷ್ಟು ಕಾಯಿಸಿದರೂ ಸುಟ್ಟು ಕರಿಯಾದೀತೇ ಹೊರತು ಕರಗಲಾರದು.

ಬೇಕ್‌ಲ್ಯಾಂಡ್ ಈ ಗಟ್ಟಿಯಾಗುವ ದಾರಿಯಲ್ಲಿ ಮೂರು ಹಂತಗಳನ್ನು ಗುರುತಿಸಿ ಎ, ಬಿ, ಸಿ ಎಂದು ಹೆಸರಿಟ್ಟ. ಎ ಹಂತದಲ್ಲಿ ರಾಳ ದ್ರವ, ಯಾವ ಆಕಾರಕ್ಕೂ ಒಗ್ಗುವಂಥದು. ಸಿ ಹಂತದಲ್ಲಿ ಕಲ್ಲು. ನಡುವಿನ ಬಿ ಹಂತವೇ ವಿಚಿತ್ರ. ನೋಡುವುದಕ್ಕೆ ಗಟ್ಟಿ, ಮುಟ್ಟಿದರೆ ಅಂಟುವುದಿಲ್ಲ, ಆದರೆ ಕಾವು ಕೊಟ್ಟರೆ ಇನ್ನೊಂದು ಸಲ ಕರಗುತ್ತದೆ. ಆ ಒಂದೇ ಸಲ. ಅದಾದ ಮೇಲೆ ಇಲ್ಲ. ನೂರಕ್ಕೂ ಹೆಚ್ಚು ವರ್ಷ ಕಳೆದು, ರಾಳಗಳೇ ಬದಲಾದರೂ ಕಾರ್ಖಾನೆಗಳಲ್ಲಿ ಇಂದಿಗೂ ಅದೇ ಮೂರು ಅಕ್ಷರಗಳು ನಡೆಯುತ್ತಿವೆ. ನನ್ನ ಶಿಷ್ಯ ಕೊಟ್ಟ ತುಂಡು ಬಿ ಹಂತದ್ದು. ಮೊದಲೇ ರಾಳ ಕುಡಿಸಿಟ್ಟ ಬಟ್ಟೆ ಎಂಬ ಅರ್ಥದಲ್ಲಿ ಅದನ್ನು ಪ್ರಿಪ್ರೆಗ್ ಎನ್ನುತ್ತಾರೆ.

ಬಟ್ಟೆ ಎಂದೆನಲ್ಲ, ಅದು ರೂಪಕವಲ್ಲ, ನಿಜವಾಗಿ ನೇಯ್ದ ಬಟ್ಟೆ. ಕುಲುಮೆಯಲ್ಲಿ ಕರಗಿದ ಗಾಜನ್ನು ಪ್ಲಾಟಿನಂ ಬೆರೆತ ಲೋಹದ ತಟ್ಟೆಯ ನೂರಾರು ಸಣ್ಣ ರಂಧ್ರಗಳ ಮೂಲಕ ಎಳೆಯುತ್ತಾರೆ. ಎಳೆಯ ದಪ್ಪ ಒಂದು ಮಿಲಿಮೀಟರಿನ ಸಾವಿರದ ಐದರಿಂದ ಒಂಬತ್ತು ಪಾಲು. ನಮ್ಮ ತಲೆಗೂದಲು ಅದಕ್ಕೆ ಅಜ್ಜ. ಇಂಥ ಎಳೆಗಳನ್ನು ಹುರಿಮಾಡಿದ ನೂಲನ್ನು ಗಾಳಿಯ ಬಲದಿಂದ ಎಳೆ ದಾಟಿಸುವ ಮಗ್ಗಗಳಲ್ಲಿ ನೇಯುತ್ತಾರೆ. ಹಾಸೂ ಉಂಟು, ಹೊಕ್ಕೂ ಉಂಟು. ಮಗ್ಗದಲ್ಲಿ ಹಾಸಿನ ನೂಲು ಉಜ್ಜಿ ಹರಿಯದಿರಲೆಂದು ನಮ್ಮ ನೇಕಾರರು ಗಂಜಿ ಹಿಡಿಸುತ್ತಾರಲ್ಲ, ಗಾಜಿನ ನೂಲಿಗೂ ಹಾಗೆಯೇ ಗಂಜಿಯನ್ನು, ಎಣ್ಣೆ ಬೆರೆಸಿ, ಹಿಡಿಸುತ್ತಾರೆ. ಇದನ್ನು ಕೇಳಿ ನನಗೆ ನೆಂಟರ ಮನೆಯ ಸುದ್ದಿ ಕೇಳಿದಷ್ಟು ಸಂತೋಷವಾಯಿತು. ಆದರೆ ನೇಯ್ಗೆ ಮುಗಿದ ಮೇಲೆ ಆ ಗಂಜಿ ಉಳಿಯಕೂಡದು. ಬಟ್ಟೆಯ ಸುರುಳಿಯನ್ನು ಒಲೆಯಲ್ಲಿಟ್ಟು ಹಲವು ಗಂಟೆಗಳ ಕಾಲ ಕಾಯಿಸಿ ಅದನ್ನು ಪೂರ್ತಿ ಸುಟ್ಟುಬಿಡುತ್ತಾರೆ. ಹತ್ತಿಯ ನೇಕಾರ ಮಾಡಲಾಗದ ಕೆಲಸ ಇದು!

ಬರಿಯ ಗಾಜಿಗೆ ರಾಳ ಚೆನ್ನಾಗಿ ಅಂಟುವುದಿಲ್ಲ. ಆದ್ದರಿಂದ ಸಿಲೇನ್ ಎಂಬ ದ್ರವ್ಯದ ಅತಿ ತೆಳುವಾದ ಲೇಪವೊಂದನ್ನು ಕೊಡುತ್ತಾರೆ. ಅದರ ಅಣುವಿಗೆ ಎರಡು ಕೈ. ಒಂದರಿಂದ ಗಾಜನ್ನು ಹಿಡಿಯುತ್ತದೆ, ಇನ್ನೊಂದರಿಂದ ರಾಳವನ್ನು. ಮದುವೆಯ ದಲ್ಲಾಳಿಯಂತೆ ಎಂದು ನಾನು ನಕ್ಕೆ. “ದಲ್ಲಾಳಿ ಸರಿಯಿಲ್ಲದಿದ್ದರೆ ವರ್ಷಗಳ ಮೇಲೆ ಗೊತ್ತಾಗುತ್ತದೆ ಸಾರ್” ಎಂದ ಅವನು. ಕೈ ಬಿಟ್ಟಲ್ಲಿ ಗಾಜಿಗೂ ರಾಳಕ್ಕೂ ನಡುವೆ ತೇವ ಹೊಗುತ್ತದೆ. ಆ ಸಂದಿನಲ್ಲಿ ತಾಮ್ರ ಕೂದಲೆಳೆಯಂತೆ ಬೆಳೆದು ಒಂದು ಗೆರೆಯಿಂದ ಇನ್ನೊಂದನ್ನು ಮುಟ್ಟಿ, ಚೆನ್ನಾಗಿದ್ದ ಯಂತ್ರ ಕಾರಣವಿಲ್ಲದೆ ಸಾಯುತ್ತದೆ. 1970ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಈ ರೋಗವನ್ನು ಗುರುತಿಸಿದರು.

ಇನ್ನು ರಾಳ. ಈ ಫಲಕಗಳಲ್ಲಿ ಹೆಚ್ಚಾಗಿ ಬಳಸುವುದು ಎಪಾಕ್ಸಿ. ಅದಕ್ಕೆ ಗಟ್ಟಿಮಾಡುವ ದ್ರವ್ಯವನ್ನೂ ಅದನ್ನು ಚುರುಕುಗೊಳಿಸುವ ಇನ್ನೊಂದನ್ನೂ ಸೇರಿಸಿ, ದ್ರಾವಕದಲ್ಲಿ ತೆಳುವಾಗಿಸುತ್ತಾರೆ. ಗಾಜಿನ ಬಟ್ಟೆ ಸುರುಳಿ ಬಿಚ್ಚುತ್ತ ಆ ತೊಟ್ಟಿಯಲ್ಲಿ ಮುಳುಗಿ, ಎರಡು ಉರುಳೆಗಳ ನಡುವೆ ಹಿಂಡಿಸಿಕೊಂಡು, ಹಲವು ಅಂತಸ್ತಿನ ಎತ್ತರದ ಬಿಸಿ ಗೋಪುರವೊಂದನ್ನು ಏರುತ್ತದೆ. ಏರುವಾಗ ದ್ರಾವಕ ಆರಿಹೋಗುತ್ತದೆ, ರಾಳ ಎ ಹಂತದಿಂದ ಬಿ ಹಂತಕ್ಕೆ ಸರಿಯುತ್ತದೆ. ಇಲ್ಲಿದೆ ಜಾಣತನವೆಲ್ಲ. ಸ್ವಲ್ಪ ಬೇಗ ಹೊರಬಂದರೆ ಇನ್ನೂ ಅಂಟಂಟು. ಸ್ವಲ್ಪ ತಡವಾದರೆ ಮುಂದೆ ಕರಗಬೇಕಾದಾಗ ಕರಗುವುದಿಲ್ಲ. ಸರಿಯಾಗಿ ನಿಂತಿದೆಯೆ ಎಂದು ನೋಡಲು ಒಂದು ಹಳೆಯ ಕ್ರಮವಿದೆ. ಬಟ್ಟೆಯಿಂದ ಉದುರಿಸಿದ ರಾಳದ ಪುಡಿಯನ್ನು 171 ಡಿಗ್ರಿಗೆ ಕಾಯಿಸಿದ ಲೋಹದ ತಟ್ಟೆಯ ಮೇಲೆ ಹಾಕಿ ಕಡ್ಡಿಯಿಂದ ತಿರುವುತ್ತಾರೆ. ಪುಡಿ ಕರಗಿ ಜೇನಾಗುತ್ತದೆ. ಕಡ್ಡಿಯೆತ್ತಿದರೆ ಪಾಕದ ಹಾಗೆ ಎಳೆ ಬರುತ್ತದೆ. ಒಂದೆರಡು ನಿಮಿಷದಲ್ಲಿ ಎಳೆ ತುಂಡಾಗುತ್ತದೆ. ಎಷ್ಟು ಸೆಕೆಂಡಿಗೆ ತುಂಡಾಯಿತು ಎಂಬುದೇ ಪರೀಕ್ಷೆ. ನಮ್ಮ ಅಜ್ಜಿ ಒಂದೆಳೆ ಪಾಕ, ಎರಡೆಳೆ ಪಾಕ ಎನ್ನುತ್ತಿದ್ದುದಕ್ಕೂ ಇದಕ್ಕೂ ಗಡಿಯಾರವೊಂದೇ ವ್ಯತ್ಯಾಸ.

ಹೀಗೆ ಅರ್ಧಕ್ಕೆ ನಿಲ್ಲಿಸಿದ್ದು ನಿಂತೇ ಇರುತ್ತದೆಂದು ತಿಳಿಯಬಾರದು. ಅದು ಮೆಲ್ಲಗೆ ತನ್ನಷ್ಟಕ್ಕೆ ಗಟ್ಟಿಯಾಗುತ್ತಲೇ ಇರುತ್ತದೆ. ಆದ್ದರಿಂದ ಪ್ರತಿ ಕಟ್ಟಿನ ಮೇಲೂ ದಿನಾಂಕವಿರುತ್ತದೆ. 23 ಡಿಗ್ರಿಗೆ ಮೀರದ, ತೇವವಿಲ್ಲದ ಕೋಣೆಯಲ್ಲಿಟ್ಟರೆ ಮೂರು ತಿಂಗಳು. 5 ಡಿಗ್ರಿಗಿಂತ ತಣ್ಣಗೆ ಇಟ್ಟರೆ ಆರು ತಿಂಗಳು. ಗಡುವು ಮೀರಿದ್ದನ್ನು ಪರೀಕ್ಷಿಸದೆ ಬಳಸುವಂತಿಲ್ಲ. ನಾನು ಆ ಕೋಣೆಯ ಮುಂದೆ ನಿಂತಾಗ ನನಗೆ ಯಂತ್ರಗಳಿಗಿಂತ ಅದೇ ಹೆಚ್ಚು ಆಶ್ಚರ್ಯವೆನಿಸಿತು. ಒಂದು ನಿರ್ಣಯವನ್ನು ಕೊನೆಯ ಗಳಿಗೆಯವರೆಗೆ ತೆರೆದಿಡಲು ಇಷ್ಟು ಖರ್ಚು, ಇಷ್ಟು ಎಚ್ಚರಿಕೆ!

ಕೊನೆಯ ಗಳಿಗೆ ಬರುವುದು ಒತ್ತುಯಂತ್ರದಲ್ಲಿ. ಟೋಪಿ, ನಿಲುವಂಗಿ ತೊಟ್ಟವರು ಧೂಳಿಲ್ಲದ ಕೋಣೆಯಲ್ಲಿ ತಾಮ್ರದ ಹಾಳೆ, ಪ್ರಿಪ್ರೆಗ್, ಮತ್ತೆ ತಾಮ್ರ ಎಂದು ಅಡುಕುತ್ತಾರೆ. ಎಲ್ಲ ಪದರಗಳ ಹಾಸೂ ಒಂದೇ ದಿಕ್ಕಿಗಿರಬೇಕು. ಒಂದು ಪದರ ಅಡ್ಡಬಿದ್ದರೂ ಫಲಕ ಹಪ್ಪಳದಂತೆ ಸೊಟ್ಟಗಾಗುತ್ತದೆ. ಆ ತಾಮ್ರದ ಹಾಳೆಯೂ ಒಂದು ಸೋಜಿಗ. ತಾಮ್ರದ ಲವಣದ್ರಾವಣದಲ್ಲಿ ತಿರುಗುವ ಟೈಟಾನಿಯಂ ಉರುಳೆಯ ಮೇಲೆ ವಿದ್ಯುತ್ತಿನಿಂದ ತಾಮ್ರವನ್ನು ಕೂರಿಸಿ ಸುಲಿದು ತೆಗೆದದ್ದು. ದಪ್ಪ ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದ 18 ಅಥವಾ 35 ಪಾಲು. ಉರುಳೆಗೆ ತಾಗಿದ ಮುಖ ಕನ್ನಡಿಯಂತೆ ನುಣುಪು, ಇನ್ನೊಂದು ಮುಖ ಒರಟು. ರಾಳದ ಕಡೆಗೆ ಒರಟು ಮುಖವನ್ನೇ ತಿರುಗಿಸುತ್ತಾರೆ, ನುಣುಪಾದದ್ದು ಹಿಡಿದುಕೊಳ್ಳುವುದಿಲ್ಲ. ಸ್ಟೀಲಿನ ತಗಡುಗಳ ನಡುವೆ ಹೀಗೆ ಅಡುಕಿದ ಒಟ್ಟಿಲನ್ನು ಕಾರ್ಖಾನೆಯವರು ‘ಬುಕ್’ ಎನ್ನುತ್ತಾರೆ. ಕನ್ನಡ ಮೇಷ್ಟರಿಗೆ ಅಷ್ಟಾದರೂ ಅರ್ಥವಾಯಿತು.

ಪುಸ್ತಕವನ್ನು ಒಳಗಿಟ್ಟು, ಗಾಳಿ ಹೀರಿ, ನಿಮಿಷಕ್ಕೆ ಎರಡು ಮೂರು ಡಿಗ್ರಿಯಂತೆ ಕಾವೇರಿಸುತ್ತಾರೆ. ನೂರು ಡಿಗ್ರಿಯ ಆಸುಪಾಸಿನಲ್ಲಿ ರಾಳ ಕರಗಿ, ತೆಳ್ಳಗಾಗಿ, ಎಳೆಗಳ ಸಂದುಗೊಂದುಗಳಲ್ಲಿ ಹರಿದು, ಗಾಳಿಯ ಗುಳ್ಳೆಗಳನ್ನು ಹೊರದೂಡಿ, ತಾಮ್ರದ ಒರಟು ಮೈಯನ್ನು ತಬ್ಬಿಕೊಳ್ಳುತ್ತದೆ. ಅಷ್ಟರಲ್ಲಿ ಗಟ್ಟಿಯಾಗತೊಡಗುತ್ತದೆ. ಸುಮಾರು 180 ಡಿಗ್ರಿಯಲ್ಲಿ, ಚದರ ಸೆಂಟಿಮೀಟರಿಗೆ ಇಪ್ಪತ್ತು ಕಿಲೋಗ್ರಾಂ ಮೀರಿದ ಒತ್ತಡದಲ್ಲಿ, ಗಂಟೆಗೂ ಹೆಚ್ಚು ಕಾಲ ಇಡುತ್ತಾರೆ. ಆರುವುದೂ ಒತ್ತಡದಲ್ಲೇ. ಹೊರಗೆ ತೆಗೆದಾಗ ಬಟ್ಟೆ, ರಾಳ, ತಾಮ್ರ ಎಂಬ ಮೂರು ಇಲ್ಲ. ಲ್ಯಾಮಿನೇಟ್ ಎಂಬ ಒಂದೇ ವಸ್ತು. ತಾಮ್ರದಲ್ಲಿ ಬೇಡದ ಭಾಗವನ್ನು ಆಮ್ಲದಂಥ ದ್ರವದಲ್ಲಿ ಕೊರೆದು ತೆಗೆದರೆ ಬೇಕಾದ ಗೆರೆಗಳು ಉಳಿಯುತ್ತವೆ. ನಾಜಿಗಳ ಭಯಕ್ಕೆ 1936ರಲ್ಲಿ ವಿಯೆನ್ನಾ ಬಿಟ್ಟು ಲಂಡನ್ನಿಗೆ ಬಂದ ಪಾಲ್ ಐಸ್ಲರ್ ಎಂಬ ಎಂಜಿನಿಯರ್ ಮುದ್ರಣಾಲಯದ ವಿದ್ಯೆಯಿಂದ ತಂದ ಉಪಾಯ ಇದು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ.

ಭೀಷ್ಮನ ಪ್ರತಿಜ್ಞೆಯನ್ನು ಪಾಠ ಮಾಡುವಾಗಲೆಲ್ಲ ನಾನು ಅವನ ಶಪಥದ ಘಳಿಗೆಯನ್ನು ವರ್ಣಿಸಿ ನಿಲ್ಲಿಸುತ್ತಿದ್ದೆ. ಮುಂದೆ ಒಂದು ಸಂದರ್ಭವಿದೆ. ಅದನ್ನು ಬೇಗ ದಾಟಿಸುತ್ತಿದ್ದೆ. ಸತ್ಯವತಿಯ ಮಕ್ಕಳಿಬ್ಬರೂ ಸತ್ತಿದ್ದಾರೆ, ವಂಶಕ್ಕೆ ಕುಡಿಯಿಲ್ಲ. ಯಾರ ಮಕ್ಕಳಿಗೆ ಸಿಂಹಾಸನ ಸಿಗಲೆಂದು ಆ ಪ್ರತಿಜ್ಞೆ ಹುಟ್ಟಿತೋ ಆ ಸತ್ಯವತಿಯೇ ಬಂದು ಭೀಷ್ಮನನ್ನು ಬೇಡುತ್ತಾಳೆ: ಶಪಥವನ್ನು ಬಿಡು, ರಾಜನಾಗು, ಮದುವೆಯಾಗು ಎಂದು. ಸಾಲ ಕೊಟ್ಟವಳೇ ಸಾಲ ಮನ್ನಾ ಮಾಡಿದ್ದಾಳೆ. ಭೀಷ್ಮ ಒಪ್ಪುವುದಿಲ್ಲ. ಆಗ ಆ ಪ್ರತಿಜ್ಞೆ ಯಾರನ್ನು ಹೊತ್ತು ನಿಂತಿತ್ತು? ಅದರ ಮೇಲೆ ಯಾರೂ ನಿಂತಿರಲಿಲ್ಲ. ಅದು ತನ್ನ ಗಟ್ಟಿತನವನ್ನು ಮಾತ್ರ ಕಾಯುತ್ತಿತ್ತು.

ಇದನ್ನು ಭೀಷ್ಮನ ಮೇಲೆ ಹೇರಿ ನಾನು ತಪ್ಪಿಸಿಕೊಳ್ಳಬಾರದು. ಹದಿನೆಂಟು ವರ್ಷದ ಹಿಂದೆ ನಾನು ತರಗತಿಯ ಉಸ್ತುವಾರಿಯಾಗಿದ್ದಾಗ ಒಬ್ಬ ಹುಡುಗನ ಹಾಜರಿ ಕಡಿಮೆ ಬಿದ್ದಿತ್ತು. ಶೇಕಡ 75 ಬೇಕು. ಅವನದು 73 ಚಿಲ್ಲರೆ. ರಾತ್ರಿ ಮಾರುಕಟ್ಟೆಯ ಅಂಗಳದಲ್ಲಿ ಶೇಂಗಾ ಚೀಲ ಹೊತ್ತು ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುತ್ತಿದ್ದ ಹುಡುಗ. ನಾನು ವರ್ಷದ ಮೊದಲನೆಯ ದಿನವೇ, ಕಡಿಮೆ ಬಿದ್ದವರ ಹೆಸರನ್ನು ಯಾರು ಹೇಳಿದರೂ ಬಿಡುವುದಿಲ್ಲವೆಂದು ಘೋಷಿಸಿದ್ದೆ. ಪ್ರಾಂಶುಪಾಲರು ಕರೆಸಿ, “ನೀವೊಂದು ಸಾಲು ಬರೆದುಕೊಡಿ, ನಾನು ನೋಡಿಕೊಳ್ಳುತ್ತೇನೆ” ಎಂದರು. ನೇಮವನ್ನು ಕಾಯಬೇಕಾದವರೇ ನನ್ನನ್ನು ಬಿಡುಗಡೆ ಮಾಡಿದ್ದರು. ನಾನು ಬರೆಯಲಿಲ್ಲ. ಹುಡುಗ ಪರೀಕ್ಷೆಗೆ ಕೂರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ. ಸಿಬ್ಬಂದಿಯ ಕೋಣೆಯಲ್ಲಿ ನನಗೆ ಖಡಕ್ ಮನುಷ್ಯನೆಂಬ ಹೆಸರು ಬಂತು. ಸುಳ್ಳೇಕೆ, ಆ ಹೆಸರು ನನಗೆ ಹಿತವಾಗಿತ್ತು.

ಕಾರ್ಖಾನೆಯಲ್ಲಿ ಆ ತಣ್ಣನೆಯ ಕೋಣೆಯ ಮುಂದೆ ನಿಂತಿದ್ದಾಗ ಅವನ ನೆನಪು ಬಂದದ್ದು ಆಕಸ್ಮಿಕವಲ್ಲ. ನನ್ನ ಎಂಜಿನಿಯರ್ ಶಿಷ್ಯ ಅದೇ ತರಗತಿಯವನು, ಅದೇ ಬೆಂಚಿನವನು. ನಾನು ಕೇಳದಿದ್ದರೂ ಅವನೇ ಒಮ್ಮೆ ಹೇಳಿದ: “ಗಣಿತದಲ್ಲಿ ಅವನು ನನಗಿಂತ ಮುಂದಿದ್ದ ಸಾರ್.” ಅದರಲ್ಲಿ ಆಕ್ಷೇಪವೇನೂ ಇರಲಿಲ್ಲ. ಇದ್ದಿದ್ದರೆ ಉತ್ತರಿಸಬಹುದಿತ್ತು.

ಆದರೆ ಇಷ್ಟರಿಂದ, ಗಟ್ಟಿಯಾದದ್ದೆಲ್ಲ ಕೆಟ್ಟದ್ದು, ಕರಗುವುದೆಲ್ಲ ಒಳ್ಳೆಯದು ಎಂದು ಹೇಳಿಬಿಡಲು ಬರುವುದಿಲ್ಲ. ನಾನು ಹಾಗೆ ಮಾತೆತ್ತಿದಾಗ ಶಿಷ್ಯ ಒಪ್ಪಲಿಲ್ಲ. ಫಲಕದ ಮೇಲೆ ಬಿಡಿಭಾಗಗಳನ್ನು ಬೆಸೆಯುವಾಗ ಅದು 240–260 ಡಿಗ್ರಿಯ ಕಾವನ್ನು ತಡೆಯಬೇಕು. 2006ರ ಜುಲೈಯಿಂದ ಯೂರೋಪು ಬೆಸುಗೆಯಲ್ಲಿ ಸೀಸವನ್ನು ನಿಷೇಧಿಸಿದ ಮೇಲೆ ಈ ಕಾವು ಇನ್ನೂ ಏರಿತು, ರಾಳಗಳನ್ನೇ ಬದಲಿಸಬೇಕಾಯಿತು. ಅರಗಿನಂತೆ ಮತ್ತೆ ಕರಗುವ ಫಲಕವಾದರೆ ಬೆಸುಗೆಯ ಒಲೆಯಲ್ಲೇ ತಾಮ್ರದ ಗೆರೆಗಳು ತೇಲಿಹೋದಾವು. “ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರಕ್ಕೆ ಹಾಕಿದವರನ್ನು ನೆನೆಸಿಕೊಳ್ಳಿ ಸಾರ್. ಅದರೊಳಗಿನ ಹಲಗೆ ಮನಸ್ಸು ಬದಲಾಯಿಸುವಂಥದಾದರೆ ಆಗುತ್ತದೆಯೆ?” ಎಂದ. ಸರಿಯಾದ ಮಾತು. ಇನ್ನೊಬ್ಬರ ಜೀವ ನಮ್ಮ ಗಟ್ಟಿತನದ ಮೇಲೆ ನಿಂತಿರುವಾಗ ಕರಗುವುದು ಮೃದುತ್ವವಲ್ಲ, ದ್ರೋಹ. ಪುಣ್ಯಕೋಟಿಯ ಕಥೆಯಲ್ಲಿ ಹಸುವಿನ ಮಾತು ಗಟ್ಟಿಯಾಗಿದ್ದರಿಂದ ಸತ್ಯ ಉಳಿಯಿತು. ಹಸು ಉಳಿದದ್ದು ಮಾತ್ರ ಹುಲಿಯ ಮನಸ್ಸು ಕರಗಿದ್ದರಿಂದ. ಎರಡರಲ್ಲಿ ಒಂದು ತಪ್ಪಿದ್ದರೂ ಆ ಹಾಡು ನಮಗೆ ಬೇಕಾಗುತ್ತಿರಲಿಲ್ಲ.

ಹಾಗಾದರೆ ನನ್ನನ್ನು ಕಾಡುವುದು ಏನು? ಗಟ್ಟಿಯಾಗಬೇಕೆ ಬೇಡವೆ ಎಂಬುದಕ್ಕಿಂತ, ಗಟ್ಟಿಯಾದದ್ದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದು. ಮಾತು ಹರಿಶ್ಚಂದ್ರನದು, ಮಾರಾಟವಾದವರು ಚಂದ್ರಮತಿ, ಲೋಹಿತಾಶ್ವ. ರಾಘವಾಂಕನ ಕಾವ್ಯವನ್ನು ಅದೆಷ್ಟು ಸಲ ಪಾಠ ಹೇಳಿದ್ದೇನೆ! ಹಾವು ಕಚ್ಚಿದ ಹುಡುಗನ ಕಡೆಯಿಂದ ಒಂದು ಪ್ರಶ್ನೆಯನ್ನೂ ಪರೀಕ್ಷೆಗೆ ಕೊಟ್ಟವನಲ್ಲ.

ಫಲಕದ ವಿಷಯದಲ್ಲಿ ಈ ಬೆಲೆಯ ಲೆಕ್ಕ ಬೆಂಕಿಯಲ್ಲಿದೆ. ಈ ಲ್ಯಾಮಿನೇಟಿಗೆ ಕಾರ್ಖಾನೆಗಳಲ್ಲಿ ಎಫ್‌ಆರ್-4 ಎಂಬ ಹೆಸರು. ಮೊದಲ ಎರಡು ಅಕ್ಷರ ಬೆಂಕಿಯನ್ನು ತಡೆಯುವ ಗುಣವನ್ನು ಸೂಚಿಸುತ್ತವೆ. ಅದರ ಒಂದು ಪಟ್ಟಿಯನ್ನು ನೆಟ್ಟಗೆ ತೂಗುಹಾಕಿ, ಕೆಳಗಿನಿಂದ ಹತ್ತು ಸೆಕೆಂಡು ಜ್ವಾಲೆ ಹಿಡಿದು ತೆಗೆಯುತ್ತಾರೆ. ಹೊತ್ತಿಕೊಂಡದ್ದು ಹತ್ತು ಸೆಕೆಂಡಿನೊಳಗೆ ತಾನಾಗಿ ಆರಬೇಕು. ಇನ್ನೊಂದು ಸಲ ಹಿಡಿಯುತ್ತಾರೆ, ಆಗಲೂ ಆರಬೇಕು. ಹಾಗೆ ಆರಲೆಂದು ಬಹುಕಾಲದಿಂದ ರಾಳದೊಳಗೇ ಬ್ರೋಮಿನ್ ಸೇರಿಸುತ್ತ ಬಂದಿದ್ದಾರೆ, ರಾಳದ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು. ಟೆಲಿವಿಷನ್ನಿನಿಂದ ಮನೆಗೆ ಬೆಂಕಿ ಬೀಳದಿರಲೆಂದು ಮಾಡಿದ ಉಪಕಾರ ಅದು. ನಿಮ್ಮ ಮನೆ, ನನ್ನ ಮನೆ ಅದರಿಂದ ಉಳಿದಿರಲೂಬಹುದು.

ಆದರೆ ಯಂತ್ರ ಹಳೆಯದಾಗುತ್ತದೆ. ಫಲಕದಲ್ಲಿ ತಾಮ್ರವಿದೆ, ಚೂರುಪಾರು ಚಿನ್ನವಿದೆ. ತೂಕದಲ್ಲಿ ಹೆಚ್ಚಿನ ಪಾಲು ಗಾಜು, ರಾಳ. ಕರಗುವಂಥದಾಗಿದ್ದರೆ ಕರಗಿಸಿ ಬೇರ್ಪಡಿಸಬಹುದಿತ್ತು. ಕರಗದ್ದನ್ನು ಒಡೆದು ಪುಡಿಮಾಡಬೇಕು, ಇಲ್ಲವೆ ಸುಡಬೇಕು. ಬೆಂಕಿಯನ್ನು ತಡೆಯಲೆಂದೇ ಮಾಡಿದ ವಸ್ತುವಿಗೆ ಕೊನೆಗೆ ಬೆಂಕಿಯನ್ನೇ ಇಡುತ್ತಾರೆ. ಅದು ಒಲ್ಲೆನೆಂದು ಹೊಗೆಯಾಡುತ್ತದೆ. ಆ ಹೊಗೆಯಲ್ಲಿ ಬ್ರೋಮಿನ್ನಿನಿಂದಾದ ಡಯಾಕ್ಸಿನ್ನಿನಂಥ ವಿಷಗಳಿರುತ್ತವೆ. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದ ಗುಯಿಯು ಎಂಬ ಊರಿನಲ್ಲಿ ಹೆಂಗಸರು ಕಲ್ಲಿದ್ದಲ ಒಲೆಯ ಮೇಲೆ ಫಲಕಗಳನ್ನು ಕಾಯಿಸಿ ಬಿಡಿಭಾಗ ಕೀಳುತ್ತಿದ್ದುದು 2002ರಲ್ಲಿ ಲೋಕಕ್ಕೆ ತಿಳಿಯಿತು. ನಮ್ಮಲ್ಲಿ ಮೊರಾದಾಬಾದಿನಲ್ಲಿ ರಾಮಗಂಗೆಯ ದಡಕ್ಕೆ ಸುಟ್ಟ ಫಲಕಗಳ ಬೂದಿ ಬಂದು ಬಿದ್ದಿತು. ಹಿತ್ತಾಳೆಯ ಕೆಲಸಕ್ಕೆ ಹೆಸರಾದ ಊರು ಅದು. 2022ರಲ್ಲಿ ಲೋಕ ಎಸೆದ ವಿದ್ಯುತ್ ಸಾಮಾನಿನ ತೂಕ 6.2 ಕೋಟಿ ಟನ್. ಅದರಲ್ಲಿ ಲೆಕ್ಕಕ್ಕೆ ಸಿಕ್ಕುವಂತೆ ಕ್ರಮವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ನೂರಕ್ಕೆ 22ರಷ್ಟು. ಫಲಕಗಳು ಇದರಲ್ಲಿ ಸಣ್ಣ ಪಾಲು ಎಂಬುದು ನಿಜ. ನಮ್ಮ ದೇಶದಲ್ಲೂ ನಿಯಮಗಳಾಗಿವೆ: 2011ರಲ್ಲಿ ಒಂದು, 2016ರಲ್ಲಿ ಇನ್ನೊಂದು, 2022ರಲ್ಲಿ ಮತ್ತೊಂದು. ಮಾಡಿದವನೇ ಮರಳಿ ಪಡೆಯುವ ಹೊಣೆ ಹೊರಬೇಕೆಂದು ಅವು ಹೇಳುತ್ತವೆ. ಹೊಣೆ ಎಂಬ ಪದ ಕಾನೂನಿಗೆ ಸುಲಭ.

ಅರ್ಧ ಹಂತದಲ್ಲಿದ್ದಾಗ ಆ ಬಟ್ಟೆಗೆ ತಣ್ಣನೆಯ ಕೋಣೆ, ದಿನಾಂಕ, ನಿಲುವಂಗಿ, ಗಾಳಿಯ ಶುದ್ಧಿ. ಗಟ್ಟಿಯಾದ ಮೇಲೆ, ಕೆಲಸ ಮುಗಿದ ಮೇಲೆ, ಯಾರದೋ ಮಗುವಿನ ಬರಿಗೈ. ನಾನು ಇದನ್ನು ಹೇಳಿದಾಗ ಶಿಷ್ಯ ಬಹಳ ಹೊತ್ತು ಸುಮ್ಮನಿದ್ದು, “ನಮ್ಮ ನಕ್ಷೆಯಲ್ಲಿ ಆ ಹಂತಕ್ಕೆ ಅಕ್ಷರವೇ ಇಲ್ಲ ಸಾರ್. ಸಿ ಆದ ಮೇಲೆ ಮುಗಿಯಿತು” ಎಂದ.

ಅಕ್ಷರ ಹುಡುಕುವವರು ಇಲ್ಲದಿಲ್ಲ. ಬ್ರೋಮಿನ್ನಿಗೆ ಬದಲು ರಂಜಕದ ಸಂಯುಕ್ತಗಳನ್ನು ಸೇರಿಸಿದ ಫಲಕಗಳು ಬಹಳ ವರ್ಷಗಳಿಂದ ಬಳಕೆಯಲ್ಲಿವೆ. 2011ರಲ್ಲಿ ಪ್ಯಾರಿಸ್ಸಿನ ಲುಡ್ವಿಕ್ ಲೈಬ್ಲರ್ ಮತ್ತು ಸಂಗಡಿಗರು ಹೊಸ ಜಾತಿಯ ರಾಳವೊಂದನ್ನು ತೋರಿಸಿದರು; ಅದಕ್ಕೆ ವಿಟ್ರಿಮರ್ ಎಂದು ಹೆಸರು. ಅದರ ಅಣುಗಳ ಹೆಣಿಗೆ ಗಟ್ಟಿಯಾದ ಮೇಲೂ ಕಾವು ಕೊಟ್ಟರೆ ಕೈ ಬಿಡದೆ ಕೈ ಬದಲಾಯಿಸಿಕೊಳ್ಳುತ್ತದೆ. 2024ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಅಂಥ ರಾಳದಿಂದ ಫಲಕ ಮಾಡಿ, ಅದನ್ನು ದ್ರಾವಕದಲ್ಲಿ ಉಬ್ಬಿಸಿ ಗಾಜನ್ನೂ ರಾಳವನ್ನೂ ಮರಳಿ ಪಡೆದರು. ಇಂಗ್ಲೆಂಡಿನಲ್ಲಿ ಅಗಸೆಯ ನಾರಿನಿಂದ ಮಾಡಿದ ಫಲಕವೊಂದಿದೆ. ಕುದಿಯುವುದಕ್ಕೆ ಹತ್ತಿರದ ಬಿಸಿನೀರಿನಲ್ಲಿಟ್ಟರೆ ಪದರ ಪದರವಾಗಿ ಬಿಡುತ್ತದೆ. ಇವು ಇನ್ನೂ ಎಫ್‌ಆರ್-4ರ ಜಾಗಕ್ಕೆ ಬಂದಿಲ್ಲ. ಬಿಸಿಯಲ್ಲಿ, ತೇವದಲ್ಲಿ, ವರ್ಷಗಟ್ಟಲೆ ನಂಬಬಹುದೆ ಎಂಬುದನ್ನು ಇನ್ನೂ ನೋಡಬೇಕು, ಬೆಲೆಯನ್ನೂ ನೋಡಬೇಕು ಎನ್ನುತ್ತಾನೆ ನನ್ನ ಶಿಷ್ಯ. ಕೈ ಬಿಡದೆ ಕೈ ಬದಲಾಯಿಸುವುದು ಎಂಬ ಅವನ ಮಾತು ಮಾತ್ರ ನನ್ನಲ್ಲಿ ಉಳಿದಿದೆ. ಭೀಷ್ಮನಿಗೆ ಅಂಥ ದಾರಿಯೊಂದು ಇತ್ತೆ? ಪ್ರಾಂಶುಪಾಲರು ಕೇಳಿದ ಆ ಒಂದು ಸಾಲಿನಲ್ಲಿ ನನಗೆ ಇತ್ತೆ? ನೇಮವನ್ನು ಮುರಿಯದೆ ಆ ಹುಡುಗನನ್ನು ಉಳಿಸುವಂಥ ವಾಕ್ಯವೊಂದನ್ನು ಎಂ.ಎ. ಮಾಡಿದ ಕನ್ನಡ ಅಧ್ಯಾಪಕ ಬರೆಯಲಾರದವನಾಗಿದ್ದನೆ?

ಕಳೆದ ತಿಂಗಳು ಶಿಷ್ಯ ಮತ್ತೆ ಬಂದಿದ್ದ. ನಾಲ್ಕು ವರ್ಷದ ಹಿಂದೆ ಕೊಟ್ಟ ತುಂಡು ನನ್ನ ಮೇಜಿನ ಖಾನೆಯಲ್ಲೇ ಇತ್ತು, ನಮ್ಮೂರಿನ ನಾಲ್ಕು ಬೇಸಿಗೆ ಕಂಡು. ನೋಡುವುದಕ್ಕೆ ಹಿಂದಿನಂತೆಯೇ ಇತ್ತು; ಅದೇ ಹಳದಿ, ಅದೇ ಬಿರುಸು. “ಇನ್ನೂ ಜೀವ ಇದೆಯೆ?” ಎಂದು ಕೇಳಿದೆ. ಹೊರಗಿನಿಂದ ಹೇಳಲಾಗದು ಎಂದು, ಹಳೆಯ ಇಸ್ತ್ರಿಪೆಟ್ಟಿಗೆಯೊಂದನ್ನು ತರಿಸಿ, ಕಿಟಕಿಯ ಹತ್ತಿರ ತಲೆಕೆಳಗಾಗಿ ನಿಲ್ಲಿಸಿ, ಕಾಯಿಸಿ, ಅದರ ಮೇಲೆ ಅಲ್ಯೂಮಿನಿಯಂ ಕಾಗದ ಹಾಸಿದ. ತುಂಡಿನ ಅಂಚನ್ನು ಉಜ್ಜಿ ಚಿಟಿಕೆಯಷ್ಟು ಪುಡಿ ಉದುರಿಸಿ, ಹಲ್ಲುಕಡ್ಡಿಯಿಂದ ತಿರುವತೊಡಗಿದ. ನಾನು ಕನ್ನಡಕ ಸರಿಪಡಿಸಿಕೊಂಡು ಬಾಗಿ ನೋಡಿದೆ. ಪುಡಿ ಸ್ವಲ್ಪ ಮೆತ್ತಗಾದಂತೆ ಕಂಡಿತು. ಅವನು ಕಡ್ಡಿಯನ್ನು ಎತ್ತಿದ. ಎಳೆ ಬರಲಿಲ್ಲ. ಇನ್ನೊಮ್ಮೆ ಒತ್ತಿ, ತಿರುವಿ, ಎತ್ತಿದ.

“ಇಲ್ಲ ಸಾರ್” ಎಂದು ಇಸ್ತ್ರಿಪೆಟ್ಟಿಗೆಯ ತಂತಿಯನ್ನು ಕಿತ್ತ.

ಉಳಿದ ತುಂಡನ್ನು ಎಲ್ಲಿ ಎಸೆಯಬೇಕೆಂದು ಕೇಳಿದೆ. ಅವನು ಅದನ್ನು ಮಡಿಸಿ ತನ್ನ ಚೀಲಕ್ಕೆ ಹಾಕಿಕೊಂಡ.